ಸದಿಶಗಳಿಂದ ಉದ್ದ ಮತ್ತು ಕೋನಗಳ ನಿರ್ಣಯ: ವಜ್ರ, ಗ್ರಾಫೈಟುಗಳ ನಿದರ್ಶನ

ಸಮತಲದಲ್ಲಿ ಎಳೆದ ಗೆರೆಯ ಉದ್ದವನ್ನು ಅಳತೆಪಟ್ಟಿಯಿಂದಲೂ, ಎರಡು ಗೆರೆಗಳ ನಡುವಣ ಕೋನವನ್ನು ಕೋನಮಾಪಕದಿಂದಲೂ ನೇರವಾಗಿ ಅಳೆಯಬಹುದು. ಘನಾಕೃತಿಗಳ ವಿಷಯದಲ್ಲಿ ಈ ಸೌಕರ್ಯ ನಮಗಿಲ್ಲ. ಘನವೊಂದರ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದೊಡನೆಯೇ ಅದರ ಲಂಬಕೋನಗಳಲ್ಲಿ ಕೆಲವು ಲಘುಕೋನಗಳಾಗಿಯೂ ಕೆಲವು ವಿಶಾಲಕೋನಗಳಾಗಿಯೂ ಕಾಣುತ್ತವೆ; ಸಮನಾದ ಅಂಚುಗಳು ಅಸಮವಾಗಿ ತೋರುತ್ತವೆ. ಚಿತ್ರವು ಆಲೋಚನೆಗೆ ಸಹಾಯಕವೇ ಹೊರತು ಅಳತೆಗೆ ಆಧಾರವಲ್ಲ. ಹೀಗಿರುವಲ್ಲಿ ಮೂರು ಆಯಾಮಗಳಲ್ಲಿ ಉದ್ದವನ್ನೂ ಕೋನವನ್ನೂ ತಿಳಿಯುವ ನಂಬತಕ್ಕ ಮಾರ್ಗ ಯಾವುದು?

ಪ್ರಶ್ನೆಯನ್ನು ಒಂದು ನಿದರ್ಶನದಿಂದ ಸ್ಪಷ್ಟಪಡಿಸೋಣ. ೧೨ ಅಡಿ ಉದ್ದ, ೯ ಅಡಿ ಅಗಲ, ೮ ಅಡಿ ಎತ್ತರವಿರುವ ಕೋಣೆಯೊಂದಿದೆ. ನೆಲದ ಒಂದು ಮೂಲೆಯಿಂದ ಅದಕ್ಕೆ ನೇರ ಎದುರಾದ ಚಾವಣಿಯ ಮೂಲೆಗೆ ಒಂದು ಹಗ್ಗವನ್ನು ಬಿಗಿದು ಕಟ್ಟಿದೆ. ಉದ್ದದ ಗೋಡೆಯ ಇನ್ನೊಂದು ತುದಿಯಲ್ಲಿರುವ ನೆಲದ ಮೂಲೆಯಿಂದ ಅದರ ಎದುರಿನ ಚಾವಣಿಯ ಮೂಲೆಗೆ ಮತ್ತೊಂದು ಹಗ್ಗವನ್ನು ಕಟ್ಟಿದೆ. ಎರಡೂ ಹಗ್ಗಗಳು ಕೋಣೆಯ ನಟ್ಟನಡುವೆ ಒಂದನ್ನೊಂದು ಹಾಯುತ್ತವೆ. ಅವುಗಳ ನಡುವಣ ಕೋನವೆಷ್ಟು? ನೋಡಿದವರು ಅದನ್ನು ಲಂಬಕೋನವೆಂದೇ ಹೇಳುವರು. ಅದು ನಿಜವೋ ಅಲ್ಲವೋ ಎಂಬುದನ್ನು ಕಣ್ಣಾಗಲಿ ಚಿತ್ರವಾಗಲಿ ನಿರ್ಣಯಿಸಲಾರದು. ಸದಿಶಗಳ ಗಣಿತ ಒಂದೇ ಪಂಕ್ತಿಯಲ್ಲಿ ನಿರ್ಣಯಿಸುತ್ತದೆ. ಆ ಗಣಿತದ ಬುನಾದಿಯನ್ನು ವಿವರಿಸಿ, ಅದು ಕೋಣೆಯ ಹಗ್ಗಗಳಿಂದ ಹಿಡಿದು ಪರಮಾಣುಗಳ ಜೋಡಣೆಯವರೆಗೆ ಹೇಗೆ ವ್ಯಾಪಿಸುತ್ತದೆಂಬುದನ್ನು ತೋರಿಸುವುದೂ, ಅದರ ಬಳಕೆಯಲ್ಲಿ ಸಾಮಾನ್ಯವಾಗಿ ನುಸುಳುವ ಒಂದು ತಪ್ಪನ್ನು ಎತ್ತಿ ಹೇಳುವುದೂ ಪ್ರಕೃತ ಲೇಖನದ ಉದ್ದೇಶ.

೧. ಸದಿಶದ ಕಲ್ಪನೆ

ಪರಿಮಾಣವನ್ನು ಮಾತ್ರ ಹೊಂದಿರುವ ದ್ರವ್ಯರಾಶಿ, ಉಷ್ಣತೆ ಮೊದಲಾದ ರಾಶಿಗಳು ಅದಿಶಗಳು. ಪರಿಮಾಣದ ಜೊತೆಗೆ ದಿಕ್ಕನ್ನೂ ಹೊಂದಿರುವ ಸ್ಥಾನಾಂತರ, ವೇಗ, ಬಲ ಮೊದಲಾದವು ಸದಿಶಗಳು. ಒಂದು ಬಿಂದುವಿನಿಂದ ಇನ್ನೊಂದು ಬಿಂದುವಿಗೆ ಎಳೆದ ಬಾಣದಿಂದ ಸದಿಶವನ್ನು ಸೂಚಿಸುವುದು ವಾಡಿಕೆ. ಪರಸ್ಪರ ಲಂಬವಾದ ಮೂರು ಅಕ್ಷಗಳನ್ನು ಆರಿಸಿಕೊಂಡರೆ, ಪ್ರತಿಯೊಂದು ಅಕ್ಷದ ದಿಕ್ಕಿನಲ್ಲಿಯೂ ಎಷ್ಟು ಸರಿಯಬೇಕೆಂಬುದನ್ನು ಹೇಳುವ ಮೂರು ಸಂಖ್ಯೆಗಳಿಂದ ಬಾಣವು ಪೂರ್ಣವಾಗಿ ನಿರ್ಧಾರವಾಗುತ್ತದೆ. ಇವು ಸದಿಶದ ಘಟಕಗಳು. ನಮ್ಮ ಕೋಣೆಯ ಮೊದಲನೆಯ ಹಗ್ಗವನ್ನು (೧೨, ೯, ೮) ಎಂದು ಬರೆಯಬಹುದು. ಎರಡನೆಯ ಹಗ್ಗವು ಉದ್ದದ ದಿಕ್ಕಿನಲ್ಲಿ ಹಿಂದಕ್ಕೆ ಬರುವುದರಿಂದ ಅದು (−೧೨, ೯, ೮).

ಜ್ಯಾಮಿತಿಯ ಪ್ರಶ್ನೆಯನ್ನು ಸಂಖ್ಯೆಗಳ ಪ್ರಶ್ನೆಯಾಗಿ ಮಾರ್ಪಡಿಸುವ ಈ ವಿಧಾನದ ಮೂಲ ೧೬೩೭ರಲ್ಲಿ ಪ್ರಕಟವಾದ ಡೆಕಾರ್ಟನ ಜ್ಯಾಮಿತಿಗ್ರಂಥದಲ್ಲಿದೆ. ಆದರೆ ಬಾಣಗಳನ್ನೇ ಕೂಡುವ, ಗುಣಿಸುವ ಬೀಜಗಣಿತವು ರೂಪುಗೊಳ್ಳಲು ಮತ್ತೆರಡು ಶತಮಾನಗಳು ಬೇಕಾದವು. ಐರ್ಲೆಂಡಿನ ವಿಲಿಯಂ ರೋವನ್ ಹ್ಯಾಮಿಲ್ಟನ್ ೧೮೪೩ರ ಅಕ್ಟೋಬರ್ ೧೬ರಂದು ಡಬ್ಲಿನ್ ನಗರದ ಕಾಲುವೆಯ ದಂಡೆಯಲ್ಲಿ ನಡೆದುಹೋಗುತ್ತಿದ್ದಾಗ ಕ್ವಾಟರ್ನಿಯನ್ ಎಂಬ ಚತುಷ್ಕಸಂಖ್ಯೆಗಳ ಗುಣಾಕಾರ ನಿಯಮವನ್ನು ಕಂಡುಕೊಂಡನು. ಮರುವರ್ಷ ಜರ್ಮನಿಯ ಗ್ರಾಸ್‌ಮನ್ನನ ಗ್ರಂಥ ಹೊರಬಂದಿತು. ಹ್ಯಾಮಿಲ್ಟನ್ನನ ಗುಣಾಕಾರದಲ್ಲಿ ಒಂದು ಅದಿಶ ಭಾಗವೂ ಒಂದು ಸದಿಶ ಭಾಗವೂ ಒಟ್ಟಿಗೆ ಬೆಸೆದುಕೊಂಡಿದ್ದುವು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ವಿಲಾರ್ಡ್ ಗಿಬ್ಸನು ಇವೆರಡನ್ನು ಬೇರ್ಪಡಿಸಿ, ತನ್ನ ವಿದ್ಯಾರ್ಥಿಗಳಿಗಾಗಿ ೧೮೮೧ ಮತ್ತು ೧೮೮೪ರಲ್ಲಿ ಒಂದು ಕಿರುಹೊತ್ತಗೆಯನ್ನು ಖಾಸಗಿಯಾಗಿ ಅಚ್ಚು ಹಾಕಿಸಿದನು. ಇಂಗ್ಲೆಂಡಿನಲ್ಲಿ ಆಲಿವರ್ ಹೆವಿಸೈಡನು ಸ್ವತಂತ್ರವಾಗಿ ಇದೇ ಮಾರ್ಗವನ್ನು ಹಿಡಿದನು. ಗಿಬ್ಸನ ಶಿಷ್ಯ ವಿಲ್ಸನ್ ೧೯೦೧ರಲ್ಲಿ ಬರೆದ ಪಠ್ಯಪುಸ್ತಕದ ಮೂಲಕ ಇಂದು ನಾವು ಕಾಲೇಜುಗಳಲ್ಲಿ ಕಲಿಸುವ ಸದಿಶ ಗಣಿತ ಪ್ರಚಾರಕ್ಕೆ ಬಂದಿತು.

೨. ಉದ್ದ

ಉದ್ದವನ್ನು ಕಂಡುಹಿಡಿಯಲು ಪೈಥಾಗೊರಸನ ಪ್ರಮೇಯವನ್ನು ಎರಡು ಸಲ ಬಳಸಿದರೆ ಸಾಕು. ನಮ್ಮ ಕೋಣೆಯ ನೆಲದ ಕರ್ಣದ ವರ್ಗ ೧೪೪ + ೮೧ = ೨೨೫; ಆದುದರಿಂದ ಕರ್ಣ ೧೫ ಅಡಿ. ಈ ಕರ್ಣವೂ ೮ ಅಡಿಯ ಎತ್ತರವೂ ಸೇರಿ ಇನ್ನೊಂದು ಲಂಬಕೋನ ತ್ರಿಭುಜವಾಗುತ್ತದೆ. ಅದರ ಕರ್ಣವೇ ನಮ್ಮ ಹಗ್ಗ. ಅದರ ವರ್ಗ ೨೨೫ + ೬೪ = ೨೮೯; ಹಗ್ಗದ ಉದ್ದ ೧೭ ಅಡಿ. ಸಾಮಾನ್ಯವಾಗಿ, ಪ = (ಅ, ಆ, ಇ) ಎಂಬ ಸದಿಶದ ಉದ್ದವನ್ನು |ಪ| ಎಂದು ಬರೆದರೆ,

|ಪ|² = ಅ² + ಆ² + ಇ².

ಇಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕು. ಎರಡು ಸಲವೂ ನಾವು ಲಂಬಕೋನ ತ್ರಿಭುಜವನ್ನೇ ಬಳಸಿದೆವು. ಅಕ್ಷಗಳು ಪರಸ್ಪರ ಲಂಬವಾಗಿವೆ, ಮೂರರ ಮೇಲೂ ಒಂದೇ ಮಾನದಿಂದ ಅಳೆದಿದೆ ಎಂಬ ಎರಡು ನಿಬಂಧನೆಗಳು ಈ ಸೂತ್ರದಲ್ಲಿ ಅಡಗಿವೆ. ಸೂತ್ರವನ್ನು ಕಂಠಪಾಠ ಮಾಡುವವರು ಮರೆಯುವುದು ಇವನ್ನೇ. ಅದರ ಪರಿಣಾಮವನ್ನು ಮುಂದೆ ನೋಡುವೆವು.

೩. ಕೋನ

ಪ, ಫ ಎಂಬ ಎರಡು ಬಾಣಗಳು ಒಂದೇ ಬಿಂದುವಿನಿಂದ ಹೊರಡಲಿ. ಫ ಬಾಣದ ತುದಿಯಿಂದ ಪ ಬಾಣದ ತುದಿಗೆ ಎಳೆದ ಬಾಣ (ಪ − ಫ). ಈ ಮೂರೂ ಸೇರಿ ಒಂದು ತ್ರಿಭುಜವಾಯಿತು. ತ್ರಿಭುಜವು ಎಲ್ಲಿಯೇ ಇದ್ದರೂ, ಹೇಗೆಯೇ ವಾಲಿಕೊಂಡಿದ್ದರೂ, ಒಂದು ಸಮತಲದಲ್ಲಿಯೇ ಇರುತ್ತದೆ. ಆದುದರಿಂದ ಶಾಲೆಯಲ್ಲಿ ಕಲಿತ ಕೊಸೈನ್ ಸೂತ್ರ ಇಲ್ಲಿ ಹಾಗೆಯೇ ಅನ್ವಯಿಸುತ್ತದೆ. ಬಾಣಗಳ ನಡುವಣ ಕೋನವನ್ನು 'ತ' ಎಂದು ಕರೆದರೆ,

|ಪ − ಫ|² = |ಪ|² + |ಫ|² − ೨ |ಪ| |ಫ| ಕೊಸೈನ್ ತ.

ಪ = (ಅ, ಆ, ಇ), ಫ = (ಕ, ಖ, ಗ) ಎಂದಿಟ್ಟುಕೊಂಡು ಎಡಭಾಗವನ್ನು ಘಟಕಗಳಲ್ಲಿ ವಿಸ್ತರಿಸೋಣ. (ಅ − ಕ)² ಎಂಬುದರಿಂದ ಅ², ಕ² ಮತ್ತು −೨ × ಅ × ಕ ದೊರೆಯುತ್ತವೆ. ಉಳಿದೆರಡು ಘಟಕಗಳಿಂದಲೂ ಹೀಗೆಯೇ. ವರ್ಗಗಳೆಲ್ಲವೂ ಎರಡು ಕಡೆಗಳಲ್ಲಿಯೂ ಸಮವಾಗಿ ಕಳೆದುಹೋಗಿ, ಉಳಿಯುವುದು ಇಷ್ಟೆ:

ಅ × ಕ + ಆ × ಖ + ಇ × ಗ = |ಪ| |ಫ| ಕೊಸೈನ್ ತ.

ಎಡಗಡೆಯ ರಾಶಿಗೆ ಬಿಂದು ಗುಣಲಬ್ಧವೆಂದು ಹೆಸರು; ಅದನ್ನು ಪ·ಫ ಎಂದು ಬರೆಯುವರು. ಅದರ ಒಂದು ಮುಖದಲ್ಲಿ ಘಟಕಗಳ ಗುಣಾಕಾರ, ಸಂಕಲನಗಳು ಮಾತ್ರ ಇವೆ. ಇನ್ನೊಂದು ಮುಖದಲ್ಲಿ ಉದ್ದ ಮತ್ತು ಕೋನಗಳಿವೆ. ಚಿತ್ರವಿಲ್ಲದೆಯೇ ಕೋನವನ್ನು ಕಾಣುವ ಶಕ್ತಿ ಈ ಸಮೀಕರಣದಿಂದ ಬರುತ್ತದೆ. ಗುಣಲಬ್ಧವು ಧನವಾದರೆ ಕೋನ ಲಘು, ಋಣವಾದರೆ ವಿಶಾಲ, ಶೂನ್ಯವಾದರೆ ಲಂಬ. ಒಂದು ಸದಿಶವನ್ನು ಅದರಿಂದಲೇ ಗುಣಿಸಿದರೆ ಕೋನ ಶೂನ್ಯವಾಗಿ, ಪ·ಪ = |ಪ|² ಆಗುತ್ತದೆ. ಅಂದರೆ ಉದ್ದವನ್ನು ಹೇಳುವುದೂ ಕೋನವನ್ನು ಹೇಳುವುದೂ ಒಂದೇ ಕ್ರಿಯೆ.

ಈಗ ಹಗ್ಗಗಳಿಗೆ ಬರೋಣ. (೧೨, ೯, ೮) ಮತ್ತು (−೧೨, ೯, ೮) ಇವುಗಳ ಬಿಂದು ಗುಣಲಬ್ಧ −೧೪೪ + ೮೧ + ೬೪ = ೧. ಉತ್ತರ ಶೂನ್ಯವಲ್ಲ, ಒಂದು. ಎರಡು ಹಗ್ಗಗಳ ಉದ್ದವೂ ೧೭ ಅಡಿಯಾದುದರಿಂದ ಕೋನದ ಕೊಸೈನ್ ೧/೨೮೯. ಕೋನ ೮೯° ೪೮′. ಲಂಬಕೋನಕ್ಕೆ ಡಿಗ್ರಿಯ ಐದನೆಯ ಒಂದು ಭಾಗದಷ್ಟು ಕಡಮೆ. ಕೋಣೆಯ ಉದ್ದ ಅರ್ಧ ಅಂಗುಲದಷ್ಟು ಹೆಚ್ಚಾಗಿದ್ದರೆ ಹಗ್ಗಗಳು ಲಂಬವಾಗುತ್ತಿದ್ದುವು; ಏಕೆಂದರೆ ಅದಕ್ಕೆ ಬೇಕಾದುದು ಉದ್ದದ ವರ್ಗವು ಅಗಲ ಮತ್ತು ಎತ್ತರಗಳ ವರ್ಗಗಳ ಮೊತ್ತಕ್ಕೆ ಸಮನಾಗಿರುವುದು, ಅಂದರೆ ೧೪೪ರ ಬದಲು ೧೪೫. ಉದ್ದ ೧೫, ಅಗಲ ೧೨, ಎತ್ತರ ೯ ಅಡಿಗಳಿರುವ ಕೋಣೆಯಲ್ಲಿ ಕೋನವು ಸರಿಯಾಗಿ ಲಂಬವೆಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು.

ಇನ್ನೊಂದು ಅಂಶವೂ ಇಲ್ಲಿಯೇ ಹೇಳತಕ್ಕದ್ದು. ಮೇಲಣ ಕೊಸೈನ್ ಸೂತ್ರವನ್ನು ತಿರುಗಿಸಿ ಬರೆದರೆ, ಪ·ಫ ಎಂಬುದು (|ಪ|² + |ಫ|² − |ಪ − ಫ|²) ಇದರ ಅರ್ಧ. ಬಲಗಡೆಯಲ್ಲಿ ಉದ್ದಗಳು ಮಾತ್ರ ಇವೆ. ಆದುದರಿಂದ ಎಲ್ಲ ಬಿಂದುಗಳ ನಡುವಣ ದೂರಗಳು ಗೊತ್ತಾದರೆ, ಒಂದು ಕೋನವನ್ನೂ ಅಳೆಯದೆ ಎಲ್ಲ ಕೋನಗಳನ್ನೂ ಲೆಕ್ಕಹಾಕಬಹುದು. ಕೋನಮಾಪಕವನ್ನು ಇಡಲಾಗದ ಕಡೆಗಳಲ್ಲಿ ಈ ಮಾತಿಗೆ ಬೆಲೆ ಹೆಚ್ಚು. ಪರಮಾಣುಗಳ ಪ್ರಪಂಚ ಅಂತಹುದು.

೪. ವಜ್ರ

ವಜ್ರವೂ ಸೀಸದ ಕಡ್ಡಿಯೊಳಗಿನ ಗ್ರಾಫೈಟೂ ಒಂದೇ ಧಾತುವಿನ ಎರಡು ರೂಪಗಳು. ಸೀಸದ ಕಡ್ಡಿಯೆಂದು ಹೆಸರಿದ್ದರೂ ಅದರೊಳಗೆ ಸೀಸವಿಲ್ಲ, ಇರುವುದು ಇಂಗಾಲ. ವಜ್ರದಲ್ಲಿರುವುದೂ ಇಂಗಾಲವೇ. ಒಂದು ಗಾಜನ್ನು ಕೊಯ್ಯುತ್ತದೆ. ಇನ್ನೊಂದು ಕಾಗದಕ್ಕೆ ಸವೆದುಕೊಳ್ಳುತ್ತದೆ. ಪರಮಾಣುಗಳು ಒಂದೇ ಆಗಿರುವಲ್ಲಿ ಈ ಭೇದವೆಲ್ಲವೂ ಅವುಗಳ ಜೋಡಣೆಯಿಂದ, ಎಂದರೆ ಅವುಗಳ ನಡುವಣ ಉದ್ದ ಮತ್ತು ಕೋನಗಳಿಂದಲೇ ಬಂದಿರಬೇಕು.

ವಜ್ರದ ರಚನೆಯನ್ನು ಕ್ಷ-ಕಿರಣಗಳ ಸಹಾಯದಿಂದ ೧೯೧೩ರಲ್ಲಿ ನಿರ್ಣಯಿಸಿದವರು ತಂದೆಮಕ್ಕಳಾದ ವಿಲಿಯಂ ಹೆನ್ರಿ ಬ್ರಾಗ್ ಮತ್ತು ವಿಲಿಯಂ ಲಾರೆನ್ಸ್ ಬ್ರಾಗ್. ಅದರಲ್ಲಿ ಪುನರಾವರ್ತಿಸುವ ಏಕಕ ಕೋಶವು ಒಂದು ಘನ. ಅದರ ಅಂಚು ೩.೫೬೭ ಆಂಗ್‌ಸ್ಟ್ರಾಂ. ಒಂದು ಆಂಗ್‌ಸ್ಟ್ರಾಂ ಎಂಬುದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ. ಅಂಚಿನ ಕಾಲು ಭಾಗವನ್ನು, ಅಂದರೆ ೦.೮೯೨ ಆಂಗ್‌ಸ್ಟ್ರಾಂ ಅನ್ನು, ಮಾನವಾಗಿ ಇಟ್ಟುಕೊಂಡರೆ, ಒಂದು ಪರಮಾಣುವಿನಿಂದ ಅದರ ನಾಲ್ಕು ನೆರೆಯ ಪರಮಾಣುಗಳಿಗೆ ಎಳೆದ ಸದಿಶಗಳು ಹೀಗಿವೆ: (೧, ೧, ೧), (೧, −೧, −೧), (−೧, ೧, −೧), (−೧, −೧, ೧). ಘನವೊಂದರ ಕೇಂದ್ರದಲ್ಲಿ ನಿಂತು, ಅದರ ಎಂಟು ಮೂಲೆಗಳಲ್ಲಿ ಒಂದನ್ನು ಬಿಟ್ಟು ಒಂದರಂತೆ ನಾಲ್ಕು ಮೂಲೆಗಳ ಕಡೆಗೆ ಕೈಚಾಚಿದಂತೆ ಇದನ್ನು ಭಾವಿಸಬಹುದು.

ಪ್ರತಿಯೊಂದರ ಉದ್ದದ ವರ್ಗ ೩. ಆದುದರಿಂದ ಬಂಧದ ಉದ್ದ ೦.೮೯೨ನ್ನು ೩ರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು ೧.೫೪ ಆಂಗ್‌ಸ್ಟ್ರಾಂ. ಯಾವ ಎರಡು ಬಂಧಗಳನ್ನು ತೆಗೆದುಕೊಂಡರೂ ಬಿಂದು ಗುಣಲಬ್ಧ ೧ − ೧ − ೧ = −೧. ಕೊಸೈನ್ −೧/೩, ಕೋನ ೧೦೯° ೨೮′. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಮೀಥೇನಿನ ಪ್ರಕರಣದಲ್ಲಿ ಕಂಠಪಾಠ ಮಾಡುವ ಸಂಖ್ಯೆ ಇದೇ.

ನಿರ್ದೇಶಾಂಕಗಳಿಲ್ಲದೆಯೂ ಈ ಕೋನವನ್ನು ಪಡೆಯಬಹುದು. ಸಮನಾದ ಉದ್ದವುಳ್ಳ ನಾಲ್ಕು ಸದಿಶಗಳು ಒಂದಕ್ಕೊಂದು ಸಮನಾದ ಕೋನದಲ್ಲಿ ಹರಡಿಕೊಂಡಿದ್ದರೆ, ಸಮಾಂಗತೆಯಿಂದ ಅವುಗಳ ಮೊತ್ತ ಶೂನ್ಯ. ಉದ್ದವನ್ನು ಒಂದು ಎಂದಿಟ್ಟುಕೊಂಡು, ಮೊತ್ತವನ್ನು ಅವುಗಳಲ್ಲೊಂದರಿಂದ ಬಿಂದು ಗುಣಾಕಾರ ಮಾಡಿದರೆ ೧ + ೩ ಕೊಸೈನ್ ತ = ೦. ಕೊಸೈನ್ −೧/೩ ಎಂಬುದು ತಕ್ಷಣವೇ ದೊರೆಯಿತು. ಮೀಥೇನಿನಲ್ಲಿಯೂ ವಜ್ರದಲ್ಲಿಯೂ ಕೋನವು ಒಂದೇ ಏಕೆ, ಬಂಧದ ಉದ್ದ ಅದನ್ನು ಏಕೆ ಬಾಧಿಸುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೫. ಗ್ರಾಫೈಟು ಮತ್ತು ಓರೆ ಅಕ್ಷಗಳು

ಗ್ರಾಫೈಟಿನ ರಚನೆಯನ್ನು ೧೯೨೪ರಲ್ಲಿ ಜೆ. ಡಿ. ಬರ್ನಾಲ್ ಸ್ಪಷ್ಟವಾಗಿ ನಿರೂಪಿಸಿದನು. ಇದರಲ್ಲಿ ಇಂಗಾಲದ ಪರಮಾಣುಗಳು ಷಡ್ಭುಜಗಳ ಹಾಳೆಗಳಾಗಿ ಹರಡಿ, ಹಾಳೆಯ ಮೇಲೆ ಹಾಳೆಯಾಗಿ ಪೇರಿಕೊಂಡಿವೆ. ಇದರ ಏಕಕ ಕೋಶ ಘನವಲ್ಲ. ಹಾಳೆಯೊಳಗಿನ ಎರಡು ಅಂಚುಗಳು ೨.೪೬ ಆಂಗ್‌ಸ್ಟ್ರಾಂ ಉದ್ದವಾಗಿದ್ದು ಅವುಗಳ ನಡುವಣ ಕೋನ ೧೨೦°. ಮೂರನೆಯ ಅಂಚು ಇವೆರಡಕ್ಕೂ ಲಂಬವಾಗಿದೆ. ಅದರ ಉದ್ದ ೬.೭೦ ಆಂಗ್‌ಸ್ಟ್ರಾಂ. ಸ್ಫಟಿಕದ ಅಂಚುಗಳನ್ನೇ ಅಕ್ಷಗಳಾಗಿ ಇಟ್ಟುಕೊಳ್ಳುವುದು ಸ್ಫಟಿಕಶಾಸ್ತ್ರದ ರೂಢಿ. ಹಾಗೆ ಮಾಡಿದರೆ, ಹಾಳೆಯೊಳಗಿನ ಒಂದು ಪರಮಾಣುವಿನಿಂದ ಅದರ ಮೂರು ನೆರೆಯ ಪರಮಾಣುಗಳಿಗೆ ಹೋಗುವ ಸದಿಶಗಳ ಘಟಕಗಳು, ಅಂಚಿನ ಭಾಗಗಳಲ್ಲಿ, (೧/೩, ೨/೩, ೦), (೧/೩, −೧/೩, ೦), (−೨/೩, −೧/೩, ೦) ಎಂದಾಗುತ್ತವೆ.

ಇಲ್ಲಿ ಅಭ್ಯಾಸಬಲದಿಂದ ವರ್ಗಗಳನ್ನು ಕೂಡಿ ವರ್ಗಮೂಲವನ್ನು ತೆಗೆದರೆ ಏನಾಗುತ್ತದೆಂಬುದನ್ನು ನೋಡೋಣ. ಮೂರು ಬಂಧಗಳ ಉದ್ದ ಕ್ರಮವಾಗಿ ೧.೮೩, ೧.೧೬, ೧.೮೩ ಆಂಗ್‌ಸ್ಟ್ರಾಂ ಎಂದು ಬರುತ್ತದೆ. ಸಮ ಷಡ್ಭುಜದ ಬದಲು ಸೊಟ್ಟಗಾದ ಆಕೃತಿಯೊಂದು ಕಾಗದದ ಮೇಲೆ ಮೂಡುತ್ತದೆ. ಅಂಕಗಣಿತದಲ್ಲಿ ತಪ್ಪಿಲ್ಲ, ಸೂತ್ರವೂ ಪುಸ್ತಕದಲ್ಲಿರುವುದೇ. ಆದರೆ ಸೂತ್ರಕ್ಕೆ ಆಧಾರವಾದ ಲಂಬಾಕ್ಷಗಳು ಇಲ್ಲಿ ಇಲ್ಲ.

ಸರಿಯಾದ ಮಾರ್ಗವು ಬಿಂದು ಗುಣಲಬ್ಧದಲ್ಲಿಯೇ ಇದೆ. ಅಕ್ಷಗಳ ದಿಕ್ಕಿನ ಅಂಚುಗಳನ್ನು ಮ, ಯ, ರ ಎಂಬ ಸದಿಶಗಳೆಂದು ಕರೆದರೆ, ಪ = ಅ × ಮ + ಆ × ಯ + ಇ × ರ. ಇದನ್ನು ಇದರಿಂದಲೇ ಬಿಂದು ಗುಣಾಕಾರ ಮಾಡಿ ವಿಸ್ತರಿಸಿದರೆ ಆರು ಪದಗಳು ಬರುತ್ತವೆ: ಅ², ಆ², ಇ² ಇವುಗಳ ಜೊತೆಗೆ ಕ್ರಮವಾಗಿ ಮ·ಮ, ಯ·ಯ, ರ·ರ, ಮತ್ತು ೨ × ಅ × ಆ, ೨ × ಆ × ಇ, ೨ × ಇ × ಅ ಇವುಗಳ ಜೊತೆಗೆ ಮ·ಯ, ಯ·ರ, ರ·ಮ. ಅಕ್ಷಗಳು ಲಂಬವಾಗಿದ್ದು ಏಕಮಾನದವಾಗಿದ್ದರೆ ಮೊದಲ ಮೂರು ಗುಣಲಬ್ಧಗಳು ಒಂದಾಗಿ, ಕೊನೆಯ ಮೂರು ಶೂನ್ಯವಾಗಿ, ಪರಿಚಿತವಾದ ಸೂತ್ರ ದೊರೆಯುತ್ತದೆ. ಅದು ಸಾಮಾನ್ಯ ನಿಯಮದ ಒಂದು ವಿಶೇಷ ರೂಪ ಮಾತ್ರ. ಅಕ್ಷಗಳ ಈ ಆರು ಗುಣಲಬ್ಧಗಳನ್ನು ತಿಳಿದವನಿಗೆ ಆ ಸ್ಫಟಿಕದಲ್ಲಿ ಯಾವ ಉದ್ದವೂ ಯಾವ ಕೋನವೂ ಮರೆಯಾಗಿರಲಾರದು.

ಗ್ರಾಫೈಟಿನಲ್ಲಿ ೧೨೦°ಯ ಕೊಸೈನ್ −೧/೨ ಆದುದರಿಂದ, ಹಾಳೆಯೊಳಗಿನ ಸದಿಶದ ಉದ್ದದ ವರ್ಗವು ಅಂಚಿನ ವರ್ಗವನ್ನು (ಅ² + ಆ² − ಅ × ಆ) ಇದರಿಂದ ಗುಣಿಸಿದಷ್ಟು. ಮೊದಲನೆಯ ಬಂಧಕ್ಕೆ ಇದು ೧/೯ + ೪/೯ − ೨/೯ = ೧/೩. ಎರಡನೆಯದಕ್ಕೆ ೧/೯ + ೧/೯ + ೧/೯ = ೧/೩. ಮೂರನೆಯದಕ್ಕೆ ೪/೯ + ೧/೯ − ೨/೯ = ೧/೩. ಮೂರೂ ಸಮ. ಬಂಧದ ಉದ್ದ ೨.೪೬ನ್ನು ೩ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ೧.೪೨ ಆಂಗ್‌ಸ್ಟ್ರಾಂ. ಮೂರು ಸದಿಶಗಳ ಮೊತ್ತ ಶೂನ್ಯವಾಗಿರುವುದರಿಂದ, ವಜ್ರದಲ್ಲಿ ಮಾಡಿದಂತೆಯೇ ೧ + ೨ ಕೊಸೈನ್ ತ = ೦; ಕೋನ ೧೨೦°.

ಎರಡು ನೆರೆಹಾಳೆಗಳ ನಡುವಣ ಅಂತರ ಮೂರನೆಯ ಅಂಚಿನ ಅರ್ಧ, ೩.೩೫ ಆಂಗ್‌ಸ್ಟ್ರಾಂ. ಹಾಳೆಯೊಳಗಿನ ೧.೪೨ಕ್ಕೆ ಇದನ್ನು ಹೋಲಿಸಿದರೆ ಗ್ರಾಫೈಟಿನ ಸ್ವಭಾವ ಅರ್ಥವಾಗುತ್ತದೆ. ಹಾಳೆಯೊಳಗೆ ಬಂಧಗಳು ವಜ್ರದಲ್ಲಿರುವುದಕ್ಕಿಂತಲೂ ಚಿಕ್ಕವು, ಬಲವಾದುವು. ಹಾಳೆ ಹಾಳೆಗಳ ನಡುವೆ ಮಾತ್ರ ಹಿಡಿತ ಸಡಿಲ. ಬರೆಯುವಾಗ ಕಾಗದಕ್ಕೆ ಅಂಟಿಕೊಳ್ಳುವುದು ಹೀಗೆ ಬಿಟ್ಟುಬಂದ ಪದರಗಳು.

ನಮ್ಮ ಲೆಕ್ಕಗಳು ಸರಿಯೇ ಎಂಬುದಕ್ಕೆ ಸ್ವತಂತ್ರವಾದ ಪರೀಕ್ಷೆಯೂ ಉಂಟು. ಅದಕ್ಕೆ ಸದಿಶಗಳ ಎರಡನೆಯ ಬಗೆಯ ಗುಣಾಕಾರ ಬೇಕು. ಎರಡು ಸದಿಶಗಳ ಅಡ್ಡ ಗುಣಲಬ್ಧವು ಅವೆರಡಕ್ಕೂ ಲಂಬವಾದ ಒಂದು ಸದಿಶ. ಅದರ ಉದ್ದವು ಆ ಎರಡರಿಂದಾದ ಸಮಾಂತರ ಚತುರ್ಭುಜದ ಕ್ಷೇತ್ರಫಲಕ್ಕೆ, ಅಂದರೆ |ಪ| |ಫ| ಸೈನ್ ತ ಎಂಬುದಕ್ಕೆ ಸಮ. ಗ್ರಾಫೈಟಿನ ಕೋಶದ ತಳದ ಕ್ಷೇತ್ರಫಲ ಇದರಂತೆ ೫.೨೪, ಅದನ್ನು ೬.೭೦ರಿಂದ ಗುಣಿಸಿದರೆ ಕೋಶದ ಘನಫಲ ೩೫.೧ ಘನ ಆಂಗ್‌ಸ್ಟ್ರಾಂ. ಅದರಲ್ಲಿರುವ ಪರಮಾಣುಗಳು ನಾಲ್ಕು, ಒಂದೊಂದಕ್ಕೆ ೮.೭೮. ವಜ್ರದ ಕೋಶದ ಘನಫಲ ೪೫.೪, ಪರಮಾಣುಗಳು ಎಂಟು, ಒಂದೊಂದಕ್ಕೆ ೫.೬೭. ಆದುದರಿಂದ ವಜ್ರವು ಗ್ರಾಫೈಟಿಗಿಂತ ೧.೫೫ರಷ್ಟು ಸಾಂದ್ರವಾಗಿರಬೇಕು. ವಜ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ ೩.೫೧ ಗ್ರಾಂ, ಗ್ರಾಫೈಟಿನದು ಸುಮಾರು ೨.೨೬. ಇವುಗಳ ನಿಷ್ಪತ್ತಿಯೂ ೧.೫೫. ಕ್ಷ-ಕಿರಣಗಳಿಂದ ತಿಳಿದ ಉದ್ದ, ಕೋನಗಳನ್ನು ತಕ್ಕಡಿಯೂ ಸಮರ್ಥಿಸುತ್ತದೆ. ೧೨೦°ಯ ಕೋನವನ್ನು ಲಂಬಕೋನವೆಂದು ಭ್ರಮಿಸಿದ್ದರೆ ತಕ್ಕಡಿ ನಮ್ಮೊಡನೆ ಒಪ್ಪುತ್ತಿರಲಿಲ್ಲ.

೬. ತಿರುಚಿನ ಕೋನ

ಬಂಧಗಳ ಉದ್ದಗಳೂ ನೆರೆಬಂಧಗಳ ನಡುವಣ ಕೋನಗಳೂ ಗೊತ್ತಾದ ಮಾತ್ರಕ್ಕೆ ಆಕೃತಿ ಪೂರ್ಣವಾಗಿ ನಿರ್ಧಾರವಾಯಿತೆಂದು ತಿಳಿಯುವುದು ಸಹಜ. ಮೂರು ಆಯಾಮಗಳಲ್ಲಿ ಅದು ಸಾಲದು. ಇದನ್ನು ವಜ್ರದಲ್ಲಿಯೇ ತೋರಿಸಬಹುದು.

ಹಿಂದಿನ ಮಾನದಲ್ಲಿಯೇ, ಒಂದು ಪರಮಾಣುವಿನಿಂದ ಹೊರಟು ಮೊದಲು (೧, ೧, ೧), ಅಲ್ಲಿಂದ (−೧, ೧, ೧) ಎಂದು ಎರಡು ಬಂಧಗಳನ್ನು ಸಾಗೋಣ. ಮೂರನೆಯ ಬಂಧವಾಗಿ (೧, ೧, ೧) ಅಥವಾ (−೧, ೧, −೧) ಇವುಗಳಲ್ಲಿ ಯಾವುದನ್ನಾದರೂ ಹಿಡಿಯಬಹುದು. ಎರಡು ದಾರಿಗಳಲ್ಲಿಯೂ ಮೂರು ಬಂಧಗಳ ಉದ್ದ ೧.೫೪, ನೆರೆಬಂಧಗಳ ನಡುವಣ ಕೋನ ೧೦೯° ೨೮′. ಆದರೂ ಸೇರುವ ಸ್ಥಳಗಳು ಬೇರೆ. ಮೊದಲನೆಯ ದಾರಿಯಲ್ಲಿ ಒಟ್ಟು ಸ್ಥಾನಾಂತರ (೧, ೩, ೩), ಉದ್ದದ ವರ್ಗ ೧೯, ದೂರ ೩.೮೯ ಆಂಗ್‌ಸ್ಟ್ರಾಂ. ಎರಡನೆಯದರಲ್ಲಿ (−೧, ೩, ೧), ವರ್ಗ ೧೧, ದೂರ ೨.೯೬ ಆಂಗ್‌ಸ್ಟ್ರಾಂ. ಈ ಅಂತರಕ್ಕೆ ಕಾರಣ ನಡುವಣ ಬಂಧದ ಸುತ್ತ ಸರಪಳಿಯು ತಿರುಚಿಕೊಂಡಿರುವ ರೀತಿ.

ತಿರುಚನ್ನು ಅಳೆಯುವುದು ಹೇಗೆ? ಮೊದಲೆರಡು ಬಂಧಗಳು ಒಂದು ಸಮತಲವನ್ನೂ, ಕೊನೆಯೆರಡು ಬಂಧಗಳು ಇನ್ನೊಂದು ಸಮತಲವನ್ನೂ ನಿರ್ಣಯಿಸುತ್ತವೆ. ಎರಡು ಸಮತಲಗಳ ನಡುವಣ ಕೋನಕ್ಕೆ ದ್ವಿತಲ ಕೋನವೆಂದು ಹೆಸರು. ಪ್ರತಿಯೊಂದು ಸಮತಲಕ್ಕೂ ಲಂಬವಾದ ಸದಿಶವನ್ನು ಅಡ್ಡ ಗುಣಲಬ್ಧವು ಕೊಡುತ್ತದೆ. ಆ ಎರಡು ಲಂಬಗಳ ನಡುವಣ ಕೋನವನ್ನು ಬಿಂದು ಗುಣಲಬ್ಧವು ಕೊಡುತ್ತದೆ. ಮೊದಲನೆಯ ಸಮತಲದ ಲಂಬ (೦, −೨, ೨). ಎರಡನೆಯ ಸಮತಲದ ಲಂಬವು ಮೊದಲನೆಯ ದಾರಿಯಲ್ಲಿ (೦, ೨, −೨). ಇದು ಹಿಂದಿನದಕ್ಕೆ ನೇರ ವಿರುದ್ಧ. ದ್ವಿತಲ ಕೋನ ೧೮೦°. ಎರಡನೆಯ ದಾರಿಯಲ್ಲಿ ಲಂಬ (−೨, −೨, ೦), ಬಿಂದು ಗುಣಲಬ್ಧ ೪, ಎರಡು ಲಂಬಗಳ ಉದ್ದದ ವರ್ಗವೂ ೮, ಕೊಸೈನ್ ೧/೨, ಕೋನ ೬೦°. ಕಣ್ಣಿಗೆ ತೋರದ ಈ ಕೋನವನ್ನು ನಾಲ್ಕಾರು ಪೂರ್ಣಾಂಕಗಳ ಗುಣಾಕಾರದಿಂದ ಪಡೆದೆವು.

ಈ ಕೋನದ ಮಹತ್ತ್ವ ವಜ್ರದೊಂದಿಗೆ ಮುಗಿಯುವುದಿಲ್ಲ. ಸರ್ ಸಿ. ವಿ. ರಾಮನ್ನರೂ ಅವರ ಶಿಷ್ಯರೂ ೧೯೪೦ರ ದಶಕದಲ್ಲಿ ಬೆಂಗಳೂರಿನಲ್ಲಿ ವಜ್ರದ ಮೇಲೆ ದೀರ್ಘವಾದ ಸಂಶೋಧನೆಗಳನ್ನು ನಡೆಸಿದರು. ಆ ಶಿಷ್ಯರಲ್ಲಿ ಜಿ. ಎನ್. ರಾಮಚಂದ್ರನ್ ಒಬ್ಬರು. ಅವರು ಮುಂದೆ ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದಾಗ ಪ್ರೋಟೀನುಗಳ ರಚನೆಯ ಕಡೆಗೆ ತಿರುಗಿದರು. ಪ್ರೋಟೀನು ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಅದರ ಬಂಧಗಳ ಉದ್ದಗಳೂ ನೆರೆಬಂಧಗಳ ನಡುವಣ ಕೋನಗಳೂ ಬಹುಮಟ್ಟಿಗೆ ಸ್ಥಿರ. ಕೊಂಡಿ ಕೊಂಡಿಗೂ ಬದಲಾಗುವುವು ಮುಖ್ಯವಾಗಿ ಫೈ, ಸೈ ಎಂದು ಕರೆಯುವ ಎರಡು ದ್ವಿತಲ ಕೋನಗಳು. ಈ ಎರಡು ಕೋನಗಳಿಗೆ ಬೇರೆ ಬೇರೆ ಬೆಲೆಗಳನ್ನು ಕೊಟ್ಟು, ಒಂದಕ್ಕೊಂದು ಬಂಧವಿಲ್ಲದ ಪರಮಾಣುಗಳ ನಡುವಣ ದೂರಗಳನ್ನು ಲೆಕ್ಕಹಾಕಿ, ಯಾವುದಾದರೊಂದು ದೂರವು ಪರಮಾಣುಗಳ ಗಾತ್ರಕ್ಕೆ ಸಲ್ಲದಷ್ಟು ಕಡಮೆಯಾದರೆ ಆ ತಿರುಚು ಅಸಾಧ್ಯವೆಂದು ಬಿಡುವುದು ಅವರ ವಿಧಾನ. ಉಳಿದ ಸಾಧ್ಯ ಕೋನಗಳನ್ನು ಗುರುತಿಸಿದ ನಕ್ಷೆಯನ್ನು ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಇವರು ೧೯೬೩ರಲ್ಲಿ ಪ್ರಕಟಿಸಿದರು. ನಕ್ಷೆಯ ಬಹುಭಾಗ ನಿಷಿದ್ಧವೆಂದೂ, ಪ್ರಕೃತಿಗೆ ಉಳಿದಿರುವುದು ಕೆಲವೇ ಪ್ರದೇಶಗಳೆಂದೂ ಅದರಿಂದ ತಿಳಿಯಿತು. ಹೊಸದಾಗಿ ನಿರ್ಣಯಿಸಿದ ಪ್ರೋಟೀನು ರಚನೆಯು ಸರಿಯೇ ಎಂದು ಪರೀಕ್ಷಿಸಲು ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ರಾಮಚಂದ್ರನ್ ನಕ್ಷೆಯನ್ನು ನೋಡುವರು. ಅವರು ೧೯೭೦ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹಿಂತಿರುಗಿ, ಅಣುಜೀವ ಭೌತವಿಜ್ಞಾನದ ವಿಭಾಗವನ್ನು ಸ್ಥಾಪಿಸಿದರು.

೭. ಬೋಧನೆಯಲ್ಲಿ ಗಮನಿಸಬೇಕಾದುದು

ಇಷ್ಟು ದೂರ ಬಂದರೂ ನಾವು ಬಳಸಿದ ಸಾಧನಗಳು ಎರಡೇ. ಬಿಂದು ಗುಣಲಬ್ಧವು ಉದ್ದವನ್ನೂ ಕೋನವನ್ನೂ ಕೊಟ್ಟಿತು. ಅಡ್ಡ ಗುಣಲಬ್ಧವು ಲಂಬವನ್ನೂ ಕ್ಷೇತ್ರಫಲವನ್ನೂ ಕೊಟ್ಟಿತು. ಹ್ಯಾಮಿಲ್ಟನ್ನನ ಒಂದೇ ಗುಣಾಕಾರದಿಂದ ಗಿಬ್ಸನು ಬೇರ್ಪಡಿಸಿದ ಎರಡು ಭಾಗಗಳು ಇವೇ.

ತರಗತಿಗಳಲ್ಲಿ ಬಿಂದು ಗುಣಲಬ್ಧವನ್ನು ಘಟಕಗಳ ಗುಣಲಬ್ಧಗಳ ಮೊತ್ತವೆಂದು ಹೇಳಿಕೊಟ್ಟು ನೇರವಾಗಿ ಅಭ್ಯಾಸಪ್ರಶ್ನೆಗಳಿಗೆ ಹೋಗುವ ಪದ್ಧತಿಯುಂಟು. ಪಠ್ಯಪುಸ್ತಕದ ಅಕ್ಷಗಳು ಸದಾ ಲಂಬವಾಗಿರುವುದರಿಂದ ಅಲ್ಲಿ ಉತ್ತರ ಎಂದೂ ತಪ್ಪುವುದಿಲ್ಲ. ತಪ್ಪದಿರುವುದರಿಂದಲೇ ನಿಬಂಧನೆ ಮರೆತುಹೋಗುತ್ತದೆ. ಆ ವಿದ್ಯಾರ್ಥಿ ಮುಂದೆ ಸ್ಫಟಿಕದ ಮುಂದೆ ನಿಂತಾಗ ಷಡ್ಭುಜವು ಸೊಟ್ಟಗಾಗುತ್ತದೆ, ತಪ್ಪು ಎಲ್ಲಿದೆಯೆಂಬುದು ಅವನಿಗೆ ಕಾಣುವುದಿಲ್ಲ. ಕೊಸೈನ್ ಸೂತ್ರದಿಂದ ಆರಂಭಿಸಿ, ಗುಣಲಬ್ಧದ ಎರಡು ಮುಖಗಳನ್ನೂ ಒಟ್ಟಿಗೆ ತೋರಿಸಿ, ಮೊತ್ತದ ಸೂತ್ರ ಲಂಬಾಕ್ಷಗಳಿಗೆ ಮಾತ್ರ ಸಲ್ಲುವುದೆಂಬುದನ್ನು ಗ್ರಾಫೈಟಿನಂತಹ ಒಂದು ನಿದರ್ಶನದಿಂದ ಮನಗಾಣಿಸುವುದಕ್ಕೆ ಒಂದು ಗಂಟೆಯ ಪಾಠ ಸಾಕು.

ಲೆಕ್ಕವನ್ನು ಇಂದು ಯಂತ್ರಗಳು ಕ್ಷಣಾರ್ಧದಲ್ಲಿ ಮಾಡಿಕೊಡುತ್ತವೆ. ಕೊಟ್ಟ ಸಂಖ್ಯೆಗಳನ್ನು ಅವು ತಪ್ಪಿಲ್ಲದೆ ಗುಣಿಸುತ್ತವೆ, ಕೂಡುತ್ತವೆ. ಆ ಸಂಖ್ಯೆಗಳು ಯಾವ ಅಕ್ಷಗಳ ಮೇಲೆ ಅಳೆದವು, ಆ ಅಕ್ಷಗಳ ನಡುವೆ ಕೋನವೆಷ್ಟು ಎಂಬ ಪ್ರಶ್ನೆಯನ್ನು ಯಂತ್ರವನ್ನು ಬಳಸುವವನೇ ಮೊದಲು ಕೇಳಿಕೊಳ್ಳಬೇಕು. ಸದಿಶಗಳನ್ನು ಕಲಿಸುವವರು ವಿದ್ಯಾರ್ಥಿಗೆ ಸೂತ್ರದ ಜೊತೆಗೆ ಈ ಪ್ರಶ್ನೆಯನ್ನೂ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ.